ಡಾ. ಆನಂದಿಬಾಯಿ ಜೋಶಿ: 21 ವರ್ಷದ ಬದುಕು

ನಮ್ಮ ಧಾರವಾಡ ಜಿಲ್ಲೆ ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಆಗ ನವಲಗುಂದ, ಅಣ್ಣಿಗೇರಿ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಅಂದ್ರೆ ಮನೆಯ ಒಳಕೋಣೆ ಮತ್ತು ಸೂಲಗಿತ್ತಿ. ಸುಸೂತ್ರ ಹೆರಿಗೆಗೆ ಆಕೆಯ ಅನುಭವ ಸಾಕಾಗ್ತಿತ್ತು. ಆದರೆ ರಕ್ತಸ್ರಾವ ನಿಲ್ಲದಿದ್ದರೆ, ಬಾಣಂತಿಗೆ ಜ್ವರ ಏರಿದರೆ ಯಾರನ್ನ ಕರೀಬೇಕು? ಎಲ್ಲೋ ಒಬ್ಬ ಡಾಕ್ಟರ್ ಇದ್ದರೂ ಅವರು ಗಂಡಸು. ಅವರ ಮುಂದೆ ನೋವು ಹೇಳೋಕೂ ಹೆಂಗಸರಿಗೆ ಸಂಕೋಚ. ಇದೇ ಪ್ರಾಂತ್ಯದ ಒಬ್ಬ ಹುಡುಗಿ ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಅಮೆರಿಕಕ್ಕೇ ಹೋದಳು. ಅವರೇ ಆನಂದಿಬಾಯಿ ಜೋಶಿ.

ಹುಟ್ಟಿದ್ದು 1865ರ ಮಾರ್ಚ್ 31ರಂದು. ಮನೆತನ ಮುಂಬೈ ಹತ್ತಿರದ ಕಲ್ಯಾಣದ್ದು, ತವರಿನ ಹೆಸರು ಯಮುನಾ. 9ನೇ ವಯಸ್ಸಿಗೇ ಮದುವೆ ಆಯ್ತು. ಗಂಡ ಗೋಪಾಳರಾವ್ ಅಂಚೆ ಇಲಾಖೆಯ ನೌಕರ, ಆಕೆಗಿಂತ ಸುಮಾರು 20 ವರ್ಷ ದೊಡ್ಡವರು. ಹೆಂಡತಿ ಓದಲೇಬೇಕು ಅನ್ನೋದು ಅವರ ಹಠ.

14ನೇ ವಯಸ್ಸಿಗೆ ಗಂಡುಮಗು ಹುಟ್ಟಿತು. ಬೇಕಾದ ವೈದ್ಯಕೀಯ ಆರೈಕೆ ಸಿಗದೆ 10 ದಿನಕ್ಕೆ ತೀರಿಕೊಂಡಿತು. ಬಾಣಂತನ ಮುಗಿಯೋ ಮೊದಲೇ ತೊಟ್ಟಿಲು ಖಾಲಿ. ಡಾಕ್ಟರ್ ಆಗಬೇಕು ಅನ್ನೋ ನಿರ್ಧಾರ ಬೆಳೆದದ್ದು ಈ ದುಃಖದಿಂದ.

ಗಂಡನಿಗೆ ಬಂಗಾಳಕ್ಕೆ ವರ್ಗವಾಯಿತು. ಆನಂದಿಬಾಯಿ ವಿದೇಶಕ್ಕೆ ಹೋಗ್ತಾರೆ ಅಂತ ಗೊತ್ತಾದಾಗ ಜನ ಬೈದರು. ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅಂತ ನಂಬಿದ್ದ ಕಾಲ ಅದು. 1883ರ ಫೆಬ್ರವರಿಯಲ್ಲಿ ಅವರು ಸೆರಾಂಪುರ ಕಾಲೇಜಿನ ಸಭೆಯಲ್ಲಿ ಎದ್ದು ನಿಂತು, ಭಾರತಕ್ಕೆ ಹೆಣ್ಣು ಡಾಕ್ಟರ್‌ಗಳು ಯಾಕೆ ಬೇಕು ಅಂತ ಇಂಗ್ಲಿಷಿನಲ್ಲಿ ವಿವರಿಸಿದರು. ಏಪ್ರಿಲ್‌ನಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದರು. ಗಂಡ ಜೊತೆಗಿರಲಿಲ್ಲ. ವಯಸ್ಸು 18. ಊರು ದೂರ ಆಗುತ್ತೆ ಅಂತ ನಾವು ಸಿಇಟಿ ಆಪ್ಷನ್ ಎಂಟ್ರಿಯಲ್ಲಿ ಕಾಲೇಜು ತೆಗೆದುಹಾಕೋ ವಯಸ್ಸು!

ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಲ್ಲಿನ ಚಳಿಯೂ ಊಟವೂ ಒಗ್ಗಲಿಲ್ಲ. ಆರೋಗ್ಯ ಹದಗೆಡುತ್ತಾ ಹೋಯಿತು. ಆದರೂ 1886ರ ಮಾರ್ಚ್ 11ರಂದು ಪದವಿ ಪಡೆದರು. ಅವರು ಬರೆದ ಪ್ರಬಂಧದ ವಿಷಯ ಹಿಂದೂಗಳ ಪ್ರಸೂತಿ ಪದ್ಧತಿ. ಅಂದ್ರೆ ಊರಿನ ಆ ಒಳಕೋಣೆಯನ್ನ ಅವರು ಮರೆತಿರಲಿಲ್ಲ. ಪದವಿ ಸಮಾರಂಭಕ್ಕೆ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಕೂಡ ಬಂದಿದ್ದರು.

ಬೆಳಗಾವಿ ದಾಟಿದರೆ ಸಿಗೋ ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ ಅವರನ್ನ ಮಹಿಳಾ ವಾರ್ಡಿನ ಮುಖ್ಯಸ್ಥೆ ಹುದ್ದೆಗೆ ಕರೆದಿತ್ತು. ಆದರೆ ಕ್ಷಯರೋಗ ಆ ಕೆಲಸ ಮಾಡೋಕೆ ಬಿಡಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. 22 ತುಂಬೋಕೆ ಇನ್ನೂ ಒಂದು ತಿಂಗಳಿತ್ತು.

ಹಾಗಾದ್ರೆ ಅಷ್ಟು ಓದಿದ್ದು ವ್ಯರ್ಥವಾಯ್ತಾ? ನನಗೆ ಹಾಗನ್ನಿಸೋದಿಲ್ಲ. ಹೆರಿಗೆಯನ್ನ ಹಣೆಬರಹಕ್ಕೆ ಬಿಡಬಾರದು, ಕಲಿತ ಒಬ್ಬ ಹೆಣ್ಣು ಬಾಣಂತಿಯ ಪಕ್ಕದಲ್ಲಿರಬೇಕು ಅನ್ನೋದೇ ಅವರ ಬೇಡಿಕೆಯಾಗಿತ್ತು. ಇವತ್ತು ನಮ್ಮ ಹಳ್ಳಿಗಳಲ್ಲಿ ಆಸ್ಪತ್ರೆ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು ಅನ್ನೋ ನಿಯಮ ಇದೆ. ಮಗುವಿನ ತೂಕ, ಮೈ ಬಿಸಿ, ಹಾಲು ಕುಡಿಯೋದು, ತಾಯಿಯ ಜ್ವರ, ರಕ್ತಸ್ರಾವ ಎಲ್ಲವನ್ನೂ ಅವರು ನೋಡ್ತಾರೆ. ಆನಂದಿಬಾಯಿಯ ಮಗು ಬದುಕಿದ್ದ ಆ 10 ದಿನಗಳಲ್ಲಿ ಇಂಥ 2 ಭೇಟಿ ಆಗ್ತಿದ್ದವು.