ಜಮ್‌ಷೇಟ್‌ಜಿ ಟಾಟಾ: ನಾಡಿನ ಬಂಡವಾಳ, ನಾಡಿನ ಉದ್ಯಮ

ಜನರ ಪೆಟ್ಟಿಗೆಯಲ್ಲಿರುವ ಹಣವು ಉದ್ಯಮಕ್ಕೆ ಹರಿದುಬರಬೇಕಾದರೆ, ಹಣ ಕೊಡುವವನಿಗೆ ಹಣ ಪಡೆಯುವವನಲ್ಲಿ ನಂಬಿಕೆಯಿರಬೇಕು. ಈ ನಂಬಿಕೆಯಿಲ್ಲದ ದೇಶದಲ್ಲಿ ಅದಿರು ನೆಲದೊಳಗೇ ಉಳಿಯುತ್ತದೆ. ಇಲ್ಲವೆ ಹೊರಗಿನವನು ಬಂದು ಅದನ್ನು ಅಗೆದು ಲಾಭವನ್ನು ತನ್ನ ನಾಡಿಗೆ ಒಯ್ಯುತ್ತಾನೆ. ಹಿಂದುಸ್ಥಾನದ ಔದ್ಯೋಗಿಕ ಜೀವನದಲ್ಲಿ ಇಂತಹ ನಂಬಿಕೆಗೆ ತಳಹದಿ ಹಾಕಿದವರಲ್ಲಿ ಜಮ್‌ಷೇಟ್‌ಜಿ ನಸರವಾನ್‌ಜಿ ಟಾಟಾ ಅವರು ಅಗ್ರಗಣ್ಯರು. ತನ್ನ ಉಳಿತಾಯವನ್ನು ಎಲ್ಲಿ ತೊಡಗಿಸಬೇಕೆಂಬ ಪ್ರಶ್ನೆಯು ಇಂದು ಪ್ರತಿಯೊಬ್ಬ ವರ್ತಕನ ಹಾಗೂ ನೌಕರದಾರನ ಮುಂದಿರುವುದರಿಂದ ಆ ಮಹನೀಯರ ಚರಿತ್ರೆಯನ್ನು ಸ್ಮರಿಸುವುದು ಉಚಿತವಾಗಿದೆ.

ಜಮ್‌ಷೇಟ್‌ಜಿಯವರು 1839ನೆಯ ಇಸವಿ ಮಾರ್ಚ್ 3ರಂದು ಗುಜರಾತದ ನವಸಾರಿಯಲ್ಲಿ ಪಾರಸೀ ಪುರೋಹಿತ ಮನೆತನವೊಂದರಲ್ಲಿ ಜನಿಸಿದರು. ತಂದೆ ನಸರವಾನ್‌ಜಿಯವರು ಪೌರೋಹಿತ್ಯವನ್ನು ಬಿಟ್ಟು ಮುಂಬಯಿಯಲ್ಲಿ ವ್ಯಾಪಾರಕ್ಕೆ ಇಳಿದಿದ್ದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದ ಮಗನನ್ನು ತಂದೆಯು 1859ರಲ್ಲಿ ಹಾಂಗ್‌ಕಾಂಗಿಗೆ ಕಳುಹಿಸಿದರು. ಆ ಕಾಲದ ಮುಂಬಯಿ ವರ್ತಕರೆಲ್ಲರಂತೆ ಟಾಟಾ ಮನೆತನವೂ ಚೀನಕ್ಕೆ ಹತ್ತಿಯನ್ನೂ ಅಫೀಮನ್ನೂ ಕಳುಹಿಸಿ, ಅಲ್ಲಿಂದ ಚಹ ರೇಷ್ಮೆಗಳನ್ನು ತರಿಸುತ್ತಿತ್ತು. ಮಹಾಪುರುಷರ ಚರಿತ್ರೆಯೆಂದು ಈ ಸಂಗತಿಯನ್ನು ಮರೆಮಾಚುವುದು ಯುಕ್ತವಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ತೊಡಗಿ, ಅಲ್ಲಿಯ ಹತ್ತಿಯು ಲ್ಯಾಂಕಷೈರಿನ ಗಿರಣಿಗಳಿಗೆ ಬಾರದಂತಾಯಿತು. ಒಡನೆಯೇ ಹಿಂದುಸ್ಥಾನದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದು, ಮುಂಬಯಿಯಲ್ಲಿ ಬಂಗಾರದ ಹೊಳೆಯೇ ಹರಿಯಿತು. ಆ ಹಣದಿಂದ ಕಾರಖಾನೆಗಳು ಹುಟ್ಟಲಿಲ್ಲ. ಪಾಲುಪತ್ರಗಳ ಜೂಜು ಹುಟ್ಟಿತು. ಸಮುದ್ರವನ್ನು ಹೂಳಿ ನೆಲ ಮಾಡುವೆವೆಂದ ಬ್ಯಾಕ್‌ಬೇ ಕಂಪನಿಯ 5,000 ರೂಪಾಯಿಯ ಪಾಲು ಹತ್ತು ಮಡಿ ಬೆಲೆಗೆ ಏರಿತ್ತು. 1865ರಲ್ಲಿ ಯುದ್ಧವು ನಿಂತಿತು. ಹತ್ತಿಯ ಬೆಲೆ ಕುಸಿಯಿತು. ಮನೆತನಗಳೂ ಬ್ಯಾಂಕುಗಳೂ ಮುಳುಗಿದವು. ಆ ಸಮಯದಲ್ಲಿ ಲಂಡನ್ನಿನಲ್ಲಿದ್ದ ತರುಣ ಜಮ್‌ಷೇಟ್‌ಜಿಯವರ ಕೈಯಲ್ಲಿ ಬೆಲೆಯಿಲ್ಲದ ಹುಂಡಿಗಳು ಮಾತ್ರ ಉಳಿದವು. ಅವರು ತಲೆ ತಪ್ಪಿಸಿಕೊಳ್ಳಲಿಲ್ಲ. ಸಾಲಗಾರರ ಮುಂದೆ ನಿಂತು ಇದ್ದ ಸ್ಥಿತಿಯನ್ನು ಇದ್ದಂತೆ ಬಿಚ್ಚಿಟ್ಟರು. ಆ ಪ್ರಾಮಾಣಿಕತೆಗೆ ಮೆಚ್ಚಿದ ಸಾಲಗಾರರು, ತಿಂಗಳಿಗೆ 20 ಪೌಂಡು ವೇತನವನ್ನು ಗೊತ್ತುಮಾಡಿ, ಲೆಕ್ಕ ತೀರಿಸುವ ಕೆಲಸವನ್ನು ಅವರಿಗೇ ವಹಿಸಿದರು.

1868ರಲ್ಲಿ ಜಮ್‌ಷೇಟ್‌ಜಿಯವರು 21,000 ರೂಪಾಯಿಗಳ ಬಂಡವಾಳದಿಂದ ತಮ್ಮದೇ ವ್ಯಾಪಾರವನ್ನು ಆರಂಭಿಸಿದರು. ಅಬಿಸೀನಿಯಾದ ಮೇಲೆ ದಂಡೆತ್ತಿ ಹೋದ ಬ್ರಿಟಿಷ್ ಸೈನ್ಯಕ್ಕೆ ಸಾಮಗ್ರಿ ಒದಗಿಸುವ ಗುತ್ತಿಗೆಯು ಮನೆತನದ ಸ್ಥಿತಿಯನ್ನು ಮತ್ತೆ ಎತ್ತಿಹಿಡಿಯಿತು. ಆ ಬಳಿಕ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ನೂಲಿನ ಉದ್ಯಮವನ್ನು ಅಭ್ಯಾಸಮಾಡಿ ಬಂದರು. ಗಿರಣಿಗಳನ್ನು ಮುಂಬಯಿಯಲ್ಲಿ ಕಟ್ಟುವುದು ಆಗಿನ ವಾಡಿಕೆ. ಜಮ್‌ಷೇಟ್‌ಜಿಯವರಾದರೋ ಹತ್ತಿ ಬೆಳೆಯುವ ನೆಲ, ಕಲ್ಲಿದ್ದಲು, ಅರಿವೆ ಮಾರುವ ಪೇಟೆ ಇವು ಮೂರೂ ಸಮೀಪದಲ್ಲಿರುವ ನಾಗಪುರವನ್ನು ಆರಿಸಿಕೊಂಡರು. ಜವುಗು ನೆಲವನ್ನು ತುಂಬಿಸಿ ತಳಪಾಯ ಹಾಕುವುದನ್ನು ಕಂಡು, ಚಿನ್ನವನ್ನು ಮಣ್ಣಿಗೆ ಸುರಿಯುವವರಿಗೆ ಹಣ ಕೊಡೆನೆಂದು ಅಲ್ಲಿಯ ಸಾಹುಕಾರನೊಬ್ಬನು ಕೈಚೆಲ್ಲಿದನಂತೆ. ಮುಂದೆ ಆತನೇ, ಆ ಮನುಷ್ಯನು ಮಣ್ಣು ಹಾಕಿ ಚಿನ್ನ ತೆಗೆದನೆಂದು ಒಪ್ಪಿಕೊಂಡನೆಂಬ ಪ್ರತೀತಿಯಿದೆ. 1877ರ ಜನವರಿ 1ರಂದು ಎಂಪ್ರೆಸ್ ಗಿರಣಿಯು ಕೆಲಸಕ್ಕೆ ತೊಡಗಿತು. ವಿಕ್ಟೋರಿಯಾ ರಾಣಿಯವರನ್ನು ಚಕ್ರವರ್ತಿನಿಯೆಂದು ಘೋಷಿಸಿದ ದಿನವೂ ಅದೇ. ಹೆಸರು ರಾಜನಿಷ್ಠೆಯದಾದರೂ ಕೆಲಸವು ಲ್ಯಾಂಕಷೈರಿಗೆ ಎದುರಾಳಿಯದು. ಹೊಸ ಮಾದರಿಯ ರಿಂಗ್ ಕದಿರುಗಳನ್ನು ಇತರರು ಸಂಶಯದಿಂದ ನೋಡುತ್ತಿದ್ದಾಗಲೇ ಅವರು ಅಲ್ಲಿ ಬಳಕೆಗೆ ತಂದರು. ಕಾರ್ಮಿಕರಿಗೆ ನಿವೃತ್ತಿ ನಿಧಿಯನ್ನೂ ಅಪಘಾತ ಪರಿಹಾರವನ್ನೂ ಕಾನೂನು ಒತ್ತಾಯಿಸುವ ಮೊದಲೇ ಏರ್ಪಡಿಸಿದರು.

ಹಣ ತೊಡಗಿಸುವವರು ಮುಖ್ಯವಾಗಿ ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಆ ಕಾಲದಲ್ಲಿ ಗಿರಣಿಯ ಆಡಳಿತ ಏಜೆಂಟರು ತಯಾರಾದ ನೂಲಿನ ಪ್ರತಿ ಪೌಂಡಿಗೆ ಇಷ್ಟೆಂದು ದಸ್ತೂರಿ ಪಡೆಯುತ್ತಿದ್ದರು. ಕಂಪನಿಗೆ ಲಾಭವಾಗಲಿ ನಷ್ಟವಾಗಲಿ ಏಜೆಂಟನ ಜೇಬಿಗೆ ಕೊರತೆಯಿರಲಿಲ್ಲ. 1886ರಲ್ಲಿ ಸ್ವದೇಶಿ ಗಿರಣಿಯನ್ನು ಸ್ಥಾಪಿಸಿದಾಗ ಜಮ್‌ಷೇಟ್‌ಜಿಯವರು ಈ ಪದ್ಧತಿಯನ್ನು ಕೈಬಿಟ್ಟು, ಲಾಭದಲ್ಲಿ ಮಾತ್ರ ನೂರಕ್ಕೆ 10ರಂತೆ ಪಡೆಯುವ ಕರಾರನ್ನು ಸ್ವೀಕರಿಸಿದರು. ಆ ಗಿರಣಿಯು ಕುರ್ಲಾದಲ್ಲಿ ಕೊಂಡುಕೊಂಡ ಹಳೆಯ ಧರಮಸಿ ಗಿರಣಿ, ಯಂತ್ರಗಳು ಕೆಟ್ಟಿದ್ದವು, ಪಾಲಿನ ಬೆಲೆ ಇಳಿಯಿತು. ಜಮ್‌ಷೇಟ್‌ಜಿಯವರು ಸ್ವಂತ ಹಣವನ್ನು ಸುರಿದು, ನಾಗಪುರದಿಂದ ನುರಿತವರನ್ನು ಕರೆಯಿಸಿ, ಗಿರಣಿಯನ್ನು ದಡ ಸೇರಿಸಿದರು. ಪಾಲುದಾರನ ನಷ್ಟದಲ್ಲಿ ಆಡಳಿತಗಾರನಿಗೂ ಪಾಲಿರಬೇಕೆಂಬ ನೀತಿಯನ್ನು ಅವರು ಹೀಗೆ ಆಚರಿಸಿ ತೋರಿಸಿದರು.

ಅವರ ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ. ದೂರಪ್ರಾಚ್ಯಕ್ಕೆ ನೂಲು ಸಾಗಿಸಲು ಪಿ. ಅಂಡ್ ಓ. ಹಡಗು ಕಂಪನಿಯು ವಿಧಿಸುತ್ತಿದ್ದ ಸಾಗಾಣಿಕೆ ದರವು ಅನ್ಯಾಯವೆಂದು ಕಂಡು, 1893ರಲ್ಲಿ ಜಪಾನಿನ ನಿಪ್ಪನ್ ಯೂಸೆನ್ ಕೈಶಾದೊಡನೆ ಕೂಡಿ ಸ್ವಂತ ಹಡಗಿನ ಏರ್ಪಾಡು ಮಾಡಿದರು. ಎದುರು ಕಂಪನಿಯು ತನ್ನ ದರವನ್ನು ಪಾತಾಳಕ್ಕೆ ಇಳಿಸಿತು. ನಮ್ಮ ವರ್ತಕರು ಅಂದಿನ ಅಗ್ಗಕ್ಕೆ ಮರುಳಾಗಿ ಸ್ವದೇಶೀ ಹಡಗನ್ನು ಕೈಬಿಟ್ಟರು. ಟಾಟಾ ಅವರ ಹಡಗು ನಿಂತಿತು.

ಕರ್ನಾಟಕದೊಡನೆ ಅವರ ಸಂಬಂಧವು ಚಿರಸ್ಮರಣೀಯವಾದುದು. ವಿಜ್ಞಾನವಿಲ್ಲದೆ ಉದ್ಯಮವಿಲ್ಲವೆಂದು ಮನಗಂಡ ಅವರು ಉನ್ನತ ಸಂಶೋಧನ ಸಂಸ್ಥೆಯೊಂದಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಬೆಲೆಬಾಳುವ ತಮ್ಮ ಆಸ್ತಿಯನ್ನು ಕೊಡಮಾಡಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರೋತ್ಸಾಹವೂ, ಮೈಸೂರು ಸಂಸ್ಥಾನವು ನೀಡಿದ 371 ಎಕರೆ ಭೂಮಿಯೂ ಧನಸಹಾಯವೂ ಸೇರಿ ಆ ಸಂಸ್ಥೆಯು ಬೆಂಗಳೂರಿಗೆ ಬಂದಿತು. 1909ರಲ್ಲಿ ಸ್ಥಾಪಿತವಾಗಿ 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಆ ಭಾರತೀಯ ವಿಜ್ಞಾನ ಮಂದಿರವನ್ನು ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಅವರು ಜಪಾನಿನ ತಜ್ಞರನ್ನು ಕರೆಯಿಸಿ ನಡೆಸಿದ ರೇಷ್ಮೆಯ ತೋಟದ ಹೆಸರೂ ಬೆಂಗಳೂರಿನ ಬಡಾವಣೆಯೊಂದಕ್ಕೆ ನಿಂತಿದೆ. ಅದೇ ಕಾಲದಲ್ಲಿ ಅದೇ ಸಂಸ್ಥಾನದ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಚಿನ್ನ ತೆಗೆಯುತ್ತಿದ್ದರು. ಬಂಡವಾಳವು ಲಂಡನ್ನಿನದಾದುದರಿಂದ ಲಾಭಾಂಶವೂ ಲಂಡನ್ನಿಗೇ ಹೋಯಿತು. ಸಂಸ್ಥಾನಕ್ಕೆ ರಾಜಧನವೂ, ಜನರಿಗೆ ಕೂಲಿಯೂ ಉಳಿದವು. 2001ರಲ್ಲಿ ಆ ಗಣಿಗಳು ಮುಚ್ಚಿದಾಗ ಅಲ್ಲಿ ಉಳಿದಿದ್ದುದು ಮಣ್ಣಿನ ದಿಬ್ಬಗಳು.

ಜಮ್‌ಷೇಟ್‌ಜಿಯವರ ಜೀವನದ ಮಹಾಸಂಕಲ್ಪವು ಉಕ್ಕು. 1882ರಲ್ಲಿ ಚಾಂದಾ ಜಿಲ್ಲೆಯ ಅದಿರನ್ನು ಕುರಿತ ವರದಿಯೊಂದನ್ನು ಓದಿದಂದಿನಿಂದ ಅದು ಅವರನ್ನು ಬಿಡಲಿಲ್ಲ. ಅಲ್ಲಿಯ ಕಲ್ಲಿದ್ದಲು ಒಗ್ಗಲಿಲ್ಲ. ಸರಕಾರದ ಗಣಿ ನಿಯಮಗಳು ಕಠಿಣವಾಗಿದ್ದವು. 1899ರಲ್ಲಿ ನಿಯಮಗಳು ಸಡಿಲವಾದ ಮೇಲೆ, ಅರುವತ್ತು ದಾಟಿದ ವಯಸ್ಸಿನಲ್ಲಿ ಅವರು ಮತ್ತೆ ಕಾರ್ಯಕ್ಕಿಳಿದು, ಅಮೆರಿಕಕ್ಕೆ ಹೋಗಿ ಪೆರಿನ್ ಎಂಬ ಎಂಜಿನಿಯರರನ್ನು ಒಪ್ಪಿಸಿದರು. 1904ರಲ್ಲಿ ಭೂಗರ್ಭಶಾಸ್ತ್ರಜ್ಞ ಪ್ರಮಥನಾಥ ಬೋಸರು ಮಯೂರಭಂಜದ ಅದಿರಿನ ವಿಷಯವನ್ನು ಪತ್ರಮುಖೇನ ತಿಳಿಸಿದರು. ಆದರೆ ಅದೇ ವರ್ಷ ಮೇ 19ರಂದು ಜರ್ಮನಿಯ ಬಾಡ್ ನೌಹೈಮಿನಲ್ಲಿ ಜಮ್‌ಷೇಟ್‌ಜಿಯವರು ಕಾಲವಾದರು. ಉಕ್ಕಿನ ಕುಲುಮೆಯನ್ನಾಗಲಿ, ವಿಜ್ಞಾನ ಮಂದಿರವನ್ನಾಗಲಿ ಅವರು ಕಣ್ಣಾರೆ ಕಾಣಲಿಲ್ಲ.

ಅವರ ಪುತ್ರ ದೊರಾಬ್‌ಜಿಯವರು ಬಂಡವಾಳಕ್ಕಾಗಿ ಮೊದಲು ಲಂಡನ್ನಿನ ಬಾಗಿಲನ್ನು ತಟ್ಟಿದರು. ಅಲ್ಲಿಯ ಧನಿಕರು ಹಿಂದೆಗೆದರು. ಆಗ ವಂಗಭಂಗದ ತರುವಾಯ ಎದ್ದ ಸ್ವದೇಶೀ ಚಳವಳಿಯು ದೇಶದ ಮನಸ್ಸನ್ನು ಹುರಿಗೊಳಿಸಿದ್ದ ಕಾಲ. 1907ರ ಆಗಸ್ಟಿನಲ್ಲಿ ಕಂಪನಿಯು ಸ್ವದೇಶದ ಜನರ ಮುಂದೆಯೇ ಪಾಲುಗಳನ್ನು ಇಟ್ಟಿತು. ಮುಂಬಯಿಯ ಕಚೇರಿಯ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಜನ ನೆರೆದರು. ಮೂರು ವಾರಗಳಲ್ಲಿ ಸುಮಾರು 8,000 ಮಂದಿ ಹಿಂದೀ ಜನರು 16,30,000 ಪೌಂಡುಗಳಷ್ಟು ಬಂಡವಾಳವನ್ನು ಪೂರೈಸಿದರು. ಚಾಲ್ತಿ ಖರ್ಚಿಗೆ ಬೇಕಾದ ಸಾಲಪತ್ರಗಳನ್ನು ಗ್ವಾಲಿಯರಿನ ಮಹಾರಾಜರು ಕೊಂಡರು. ಆ ಜನರು ಸತ್ತ ಮನುಷ್ಯನೊಬ್ಬನ ಹೆಸರನ್ನು ನಂಬಿ ಹಣ ಕೊಟ್ಟರು. ಲಂಡನ್ನಿನ ಸಾಲಗಾರರಿಗೆ ಬಿಚ್ಚಿ ತೋರಿದ ಲೆಕ್ಕ, ಸ್ವದೇಶಿ ಗಿರಣಿಯಲ್ಲಿ ಬಿಟ್ಟುಕೊಟ್ಟ ದಸ್ತೂರಿ ಇವು ಆ ಹೆಸರಿಗೆ ಬೆಲೆ ತಂದುಕೊಟ್ಟಿದ್ದವು.

1912ರಲ್ಲಿ ಸಾಕ್ಚಿ ಗ್ರಾಮದ ಕಾರಖಾನೆಯಲ್ಲಿ ಉಕ್ಕು ಹೊರಬಂದಿತು. 1919ರಲ್ಲಿ ಆ ಊರಿಗೆ ಜಮ್‌ಷೇಡ್‌ಪುರವೆಂದು ಹೆಸರಾಯಿತು. ಹಾಗೆಂದು ಪಾಲುದಾರರ ಹಾದಿಯು ಸುಗಮವಾಗಿರಲಿಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ಪರದೇಶದ ಅಗ್ಗದ ಉಕ್ಕು ನುಗ್ಗಿದಾಗ ಕಂಪನಿಯು ಮುಳುಗುವ ಅಂಚಿಗೆ ಬಂದಿತ್ತು. ದೊರಾಬ್‌ಜಿಯವರು ತಮ್ಮ ಆಸ್ತಿಯನ್ನೂ ಪತ್ನಿಯ ಆಭರಣಗಳನ್ನೂ ಅಡವಿಟ್ಟು ಸಾಲ ತಂದರು. 1924ರಲ್ಲಿ ಸಂರಕ್ಷಕ ಸುಂಕ ವಿಧಿಸಿದ ಮೇಲೆ ಕಂಪನಿಯು ಉಸಿರಾಡಿತು. ಉದ್ಯಮಿಯ ಧೈರ್ಯ, ಜನರ ಉಳಿತಾಯ, ಸರಕಾರದ ಆಸರೆ ಈ ಮೂರರಲ್ಲಿ ಒಂದು ತಪ್ಪಿದ್ದರೂ ಆ ಕುಲುಮೆಗಳು ಆರಿಹೋಗುತ್ತಿದ್ದವು.

ಈಗ ದೇಶವು ಸ್ವತಂತ್ರವಾಗಿದೆ. ಕೈಯಲ್ಲಿನ ಫೋನಿನಿಂದಲೇ ಪಾಲುಗಳನ್ನು ಕೊಂಡು ಮಾರುವವರು ಕೋಟಿಗಟ್ಟಲೆ ಇದ್ದಾರೆ. 1865ರ ಮುಂಬಯಿಯೂ 1907ರ ಮುಂಬಯಿಯೂ ಇವರ ಮುಂದೆ ಎರಡು ದಾರಿಗಳಾಗಿ ನಿಂತಿವೆ. ಎರಡರಲ್ಲಿಯೂ ಜನರು ಹಣವನ್ನು ಪೆಟ್ಟಿಗೆಯಿಂದ ತೆಗೆದರು. ಮೊದಲನೆಯವರು ಏರುತ್ತಿದ್ದ ಬೆಲೆಯನ್ನು ನೋಡಿದರು. ಎರಡನೆಯವರು ಅದಿರು, ಕಲ್ಲಿದ್ದಲು, ನೀರು ಇವುಗಳ ಪರೀಕ್ಷೆ ಮುಗಿದ ಉದ್ಯಮವನ್ನೂ ಅದನ್ನು ನಡೆಸುವವರ ನಡತೆಯನ್ನೂ ನೋಡಿದರು. ಪಾಲು ಕೊಳ್ಳುವ ಮುನ್ನ ಗೃಹಸ್ಥನು ಕೇಳತಕ್ಕ ಪ್ರಶ್ನೆ ಇದೇ: ಉದ್ಯಮವು ಸೋತರೆ ಅದನ್ನು ನಡೆಸುವವನೂ ಸೋಲುವನೇ? ಅಧಿಕಾರಿಗಳು ಕೇಳಿಕೊಳ್ಳತಕ್ಕ ಪ್ರಶ್ನೆಯೂ ಒಂದಿದೆ: ಚಾಂದಾದ ಅದಿರಿನ ವರದಿಗೂ ಗಣಿ ನಿಯಮಗಳ ಸಡಿಲಿಕೆಗೂ ನಡುವೆ ಕಳೆದ 17 ವರ್ಷಗಳಂತೆ, ಯಾವ ಕಡತದಲ್ಲಿ ಯಾರ ಆಯುಷ್ಯ ಸವೆಯುತ್ತಿದೆ? ಈ ಎರಡು ಪ್ರಶ್ನೆಗಳಿಗೆ ನೇರವಾದ ಉತ್ತರ ದೊರೆಯುವ ನಾಡಿನಲ್ಲಿ ಬಂಡವಾಳಕ್ಕೆ ಕೊರತೆಯಾಗದು.