ಸ್ವಂತ ಕಾಲ ಮೇಲೆ ನಿಲ್ಲೋದು ಅಂದ್ರೆ?

ಬಡವರು ಸರ್ಕಾರದ ಬಿಟ್ಟಿ ದುಡ್ಡಿಗೋಸ್ಕರ ಓಟು ಹಾಕ್ತಾರೆ, ಶ್ರೀಮಂತರು ತಮ್ಮ ಕಾಲ ಮೇಲೆ ತಾವು ನಿಂತಿರ್ತಾರೆ. ಅಮೆರಿಕದ ರಾಜಕೀಯದಲ್ಲಿ ಇದು ಬಹಳ ಹಳೇ ಮಾತು. ಈ ಲೆಕ್ಕಕ್ಕೆ ಸಿಗದ ಒಬ್ಬ ಶ್ರೀಮಂತನ ಕಥೆ ಹೇಳ್ತೀನಿ: ಫ್ರಾಂಕ್ಲಿನ್ ರೂಸ್‌ವೆಲ್ಟ್.

ಹುಟ್ಟಿದ್ದು 1882ರಲ್ಲಿ, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ. ಹಡ್ಸನ್ ನದಿ ಪಕ್ಕ ದೊಡ್ಡ ಎಸ್ಟೇಟ್, ಮನೆಗೇ ಬರೋ ಮೇಷ್ಟ್ರು, ಆಮೇಲೆ ಹಾರ್ವರ್ಡ್. ದುಡ್ಡಿನ ಚಿಂತೆ ಅಂದ್ರೇನು ಅಂತಲೇ ಗೊತ್ತಿಲ್ಲದ ಬಾಲ್ಯ.

1921ರಲ್ಲಿ, 39ನೇ ವಯಸ್ಸಿಗೆ, ಎರಡೂ ಕಾಲು ಸ್ವಾಧೀನ ತಪ್ಪಿದವು. ಡಾಕ್ಟರುಗಳು ಪೋಲಿಯೋ ಅಂದ್ರು. ಅಲ್ಲಿಂದ ಮುಂದೆ ಕಾಲಿಗೆ ಲೋಹದ ಪಟ್ಟಿ ಬಿಗಿದುಕೊಂಡು, ಇನ್ನೊಬ್ಬರ ತೋಳು ಹಿಡಿದೇ ನಾಲ್ಕು ಹೆಜ್ಜೆ ಇಡಬೇಕಾಯ್ತು.

ಬಿಸಿನೀರಿನ ಚಿಕಿತ್ಸೆಗೆ ಅಂತ 1924ರಲ್ಲಿ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋದರು. ಅದು ಬಡ ರೈತರ ಪ್ರದೇಶ. ಅಲ್ಲಿನ ಅವರ ಪುಟ್ಟ ಮನೆಯ ಕರೆಂಟ್ ದರ ಹೈಡ್ ಪಾರ್ಕ್ ದರದ ಸುಮಾರು ನಾಲ್ಕು ಪಟ್ಟು! ಸುತ್ತಲಿನ ಹಳ್ಳಿಗಳಿಗೆ ಆ ದುಬಾರಿ ಕರೆಂಟೂ ಇರಲಿಲ್ಲ. 1930ರ ದಶಕದ ಆರಂಭದಲ್ಲೂ ದೇಶದ ಹತ್ತು ರೈತರ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಲೈನ್ ಎಳೆದರೆ ಲಾಭ ಇಲ್ಲ ಅಂತ ಕಂಪನಿಗಳು ಸುಮ್ಮನಿದ್ದವು.

1933ರ ಮಾರ್ಚ್‌ನಲ್ಲಿ ರೂಸ್‌ವೆಲ್ಟ್ ಅಧ್ಯಕ್ಷರಾದಾಗ ದೇಶದ ಹೆಚ್ಚಿನ ರಾಜ್ಯಗಳಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದ್ದವು, ಇಲ್ಲವೇ ನಿರ್ಬಂಧದಲ್ಲಿದ್ದವು. ಅವರ ಸರ್ಕಾರ ತಂದ ಮೊದಲ ಕಾನೂನೇ ಬ್ಯಾಂಕ್ ಉಳಿಸೋ ಕಾನೂನು. ಅಂದರೆ ಸರ್ಕಾರದ ಕೈ ಮೊದಲು ಹಿಡಿದವರು ಬಡವರಲ್ಲ, ಬ್ಯಾಂಕಿನವರು. 1935ರಲ್ಲಿ ಹಳ್ಳಿಗಳಿಗೆ ವಿದ್ಯುತ್ ಯೋಜನೆ ಶುರುವಾಯ್ತು. ಅದೂ ಪುಕ್ಕಟೆ ಅಲ್ಲ. ರೈತರು ಸಹಕಾರ ಸಂಘ ಕಟ್ಟಿ, ಸರ್ಕಾರದಿಂದ ಸಾಲ ತಗೊಂಡು, ಕಂಬ ನೆಟ್ಟು, ತಿಂಗಳ ಬಿಲ್ ದುಡ್ಡಲ್ಲೇ ಬಡ್ಡಿ ಸಮೇತ ತೀರಿಸಿದರು. ಅದೇ ವರ್ಷ ಬಂದ ವೃದ್ಧಾಪ್ಯ ಪಿಂಚಣಿಗೂ ಕೆಲಸಗಾರರ ಸಂಬಳದಿಂದಲೇ ಪಾಲು ಹೋಗ್ತಿತ್ತು. ಆದ್ರೆ ಒಂದು ದೊಡ್ಡ ತಪ್ಪು: ಕೂಲಿ ರೈತರನ್ನೂ ಮನೆಗೆಲಸದವರನ್ನೂ ಈ ಪಿಂಚಣಿಯಿಂದ ಹೊರಗಿಟ್ಟರು. ಕಪ್ಪು ಜನರಲ್ಲಿ ಹೆಚ್ಚಿನವರು ಮಾಡ್ತಿದ್ದದ್ದು ಇದೇ ಕೆಲಸ.

ಶ್ರೀಮಂತರಲ್ಲಿ ಎಷ್ಟೋ ಜನ ಅವರನ್ನ ಮನೆಮುರುಕ ಅನ್ನೋ ಹಾಗೆ ನೋಡಿದರು. 1936ರ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸಿ ಸಮೀಕ್ಷೆ ಮಾಡ್ತು. 23 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ರೂಸ್‌ವೆಲ್ಟ್ ಸೋಲ್ತಾರೆ, ಲ್ಯಾಂಡನ್ ಗೆಲ್ತಾರೆ ಅಂತ ಪತ್ರಿಕೆ ಬರೀತು. ಫಲಿತಾಂಶ ಬಂದಾಗ ರೂಸ್‌ವೆಲ್ಟ್‌ಗೆ ಶೇ. 60ಕ್ಕೂ ಹೆಚ್ಚು ಮತ, 48 ರಾಜ್ಯಗಳಲ್ಲಿ 46! ಲ್ಯಾಂಡನ್ ತಮ್ಮ ಸ್ವಂತ ರಾಜ್ಯ ಕಾನ್ಸಾಸ್‌ನಲ್ಲೂ ಸೋತರು. ಎಡವಟ್ಟು ಎಲ್ಲಾಯ್ತು? ಪತ್ರಿಕೆ ವಿಳಾಸ ಆರಿಸಿದ್ದು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿ, ಕಾರ್ ನೋಂದಣಿ ಪಟ್ಟಿಗಳಿಂದ. ಫೋನೂ ಕಾರೂ ಇಲ್ಲದ ಮನೆಗಳು ಬಹುಪಾಲು ಲೆಕ್ಕಕ್ಕೇ ಬರಲಿಲ್ಲ. ಅದೂ ಅಲ್ಲದೆ, ಕಾರ್ಡ್ ತುಂಬಿ ವಾಪಸ್ ಕಳಿಸಿದವರಲ್ಲಿ ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಜಾಸ್ತಿ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಸ್ಯಾಂಪಲ್ ದೊಡ್ಡದಿತ್ತು, ಸರಿಯಿರಲಿಲ್ಲ.

ರೂಸ್‌ವೆಲ್ಟ್ ನಾಲ್ಕು ಸಲ ಗೆದ್ದು, 1945ರ ಏಪ್ರಿಲ್ 12ರಂದು ತೀರಿಕೊಂಡರು. ತೀರಿಕೊಂಡಿದ್ದೂ ವಾರ್ಮ್ ಸ್ಪ್ರಿಂಗ್ಸ್‌ನಲ್ಲೇ.

ಅಷ್ಟು ಆಸ್ತಿ ಇದ್ದ ಮನುಷ್ಯನಿಗೂ ಎದ್ದು ನಿಲ್ಲೋಕೆ ಇನ್ನೊಬ್ಬರ ತೋಳು ಬೇಕಾಗಿತ್ತು. ಸಾಲ ತಗೊಂಡ ಆ ರೈತರು ಪ್ರತಿ ತಿಂಗಳೂ ಕಂತು ಕಟ್ಟಿದರು. ಇಂಥವರು ಹೀಗೇ ಓಟು ಹಾಕೋದು, ಅವರೆಲ್ಲ ಸರ್ಕಾರಕ್ಕೆ ಭಾರ ಅಂತ ಮುಂದಿನ ಸಲ ಯಾರಾದ್ರೂ ಅಂದರೆ ಜಗಳ ಆಡಬೇಡಿ. ಸ್ಯಾಂಪಲ್ ಎಲ್ಲಿಂದ ತಗೊಂಡೆ ಗುರು ಅಂತ ಕೇಳಿ, ಸಾಕು.