ಕೊಪ್ಪಳದ ಜಹಗೀರುದಾರ, ಹೈದರಾಬಾದಿನ ಸಂಗ್ರಹಕಾರ

ಊರಿನಿಂದ ನೆಂಟರು ಬಂದರೆ ಲಿಂಗಂಪಲ್ಲಿಯ ನಾವು ಮೊದಲು ತೋರಿಸುವುದು ಚಾರ್ಮಿನಾರ್, ಆಮೇಲೆ ಸಾಲಾರ್ ಜಂಗ್ ಮ್ಯೂಸಿಯಂ. ಮಿಯಾಪುರದಲ್ಲಿ ಮೆಟ್ರೋ ಹತ್ತಿ ಎಂ.ಜಿ.ಬಿ.ಎಸ್.ನಲ್ಲಿ ಇಳಿದರಾಯಿತು. ಗಡಿಯಾರದಿಂದ ಹೊರಬಂದು ಗಂಟೆ ಬಾರಿಸುವ ಗಡ್ಡದ ಗೊಂಬೆಯನ್ನು ನೋಡಿ, ಮುಸುಕಿನ ರೆಬೆಕ್ಕಾಳ ಮುಂದೆ ಸ್ವಲ್ಪ ಹೊತ್ತು ನಿಂತು ವಾಪಸಾಗುತ್ತೇವೆ. ಇಷ್ಟೆಲ್ಲ ಕೂಡಿಟ್ಟವರು ಯಾರೆಂದು ಕೇಳುವವರು ಕಡಿಮೆ.

ಅವರು ಮೀರ್ ಯೂಸುಫ್ ಅಲಿ ಖಾನ್, ಮೂರನೇ ಸಾಲಾರ್ ಜಂಗ್. 1889ರ ಜೂನ್‌ನಲ್ಲಿ ಪುಣೆಯಲ್ಲಿ ಹುಟ್ಟಿದರು. ಮಗುವಿಗೆ ತಿಂಗಳು ತುಂಬುವ ಮೊದಲೇ ತಂದೆ ತೀರಿಕೊಂಡರು. ನಿಜಾಮರ ಹೆಸರಾಂತ ದಿವಾನರಾಗಿದ್ದ ಅಜ್ಜ 1883ರಲ್ಲೇ ಹೋಗಿದ್ದರು. (ರೆಬೆಕ್ಕಾಳನ್ನು 1876ರಲ್ಲಿ ರೋಮಿನಿಂದ ತಂದವರು ಈ ಅಜ್ಜ, ಅದನ್ನೂ ಮೊಮ್ಮಗನ ಲೆಕ್ಕಕ್ಕೆ ಹಾಕುವವರುಂಟು.) 1912ರಲ್ಲಿ, ಇನ್ನೂ 23ರ ಹರೆಯದಲ್ಲಿ, ಯೂಸುಫ್ ಅಲಿ ಖಾನರೂ ದಿವಾನರಾದರು. 1914ರಲ್ಲೇ ಹುದ್ದೆ ಬಿಟ್ಟರು. ನಮ್ಮಲ್ಲಿ ಆ ವಯಸ್ಸಿಗೆ ಮೊದಲ ಕೆಲಸವೇ ಸಿಕ್ಕಿರುವುದಿಲ್ಲ!

ಆಮೇಲಿನ 35 ವರ್ಷ ಅವರು ಮಾಡಿದ್ದು ಸಂಗ್ರಹ. ಯುರೋಪಿನ ಚಿತ್ರಗಳು, ಚೀನಾದ ಪಿಂಗಾಣಿ, ಪರ್ಷಿಯಾದ ಜಮಖಾನೆ, ಜೇಡ್ ಕಲ್ಲಿನ ಹಿಡಿಯ ಕಠಾರಿಗಳು, ಅರಬ್ಬಿ-ಫಾರಸಿ ಹಸ್ತಪ್ರತಿಗಳು. ಅವರು ಮದುವೆಯಾಗಲಿಲ್ಲ. ವಸ್ತುಗಳು ದಿವಾನ್ ದೇವಡಿ ಎಂಬ ಅವರ ಅರಮನೆಯನ್ನೇ ತುಂಬಿದವು.

ದುಡ್ಡು ಎಲ್ಲಿಯದು? ಸಾಲಾರ್ ಜಂಗ್ ಮನೆತನದ ಜಹಗೀರುಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಆ ಕಡೆಯವಳಾದ ನನಗೆ ಇದು ಗೊತ್ತಾಗಿದ್ದು ಹೈದರಾಬಾದಿಗೆ ಬಂದು ಎಷ್ಟೋ ವರ್ಷಗಳ ಮೇಲೆ. ಮಳೆ ಕೈಕೊಟ್ಟರೆ ಜೋಳವೂ ಕೈಗೆ ಹತ್ತದ ಸೀಮೆ ನಮ್ಮದು. ಆ ಹೊಲಗಳ ಕಂದಾಯವೂ ಆ ಪಿಂಗಾಣಿಯ ಬೆಲೆಯಲ್ಲಿ ಸೇರಿದೆ. ನವಾಬರ ರಸಿಕತೆ ದೊಡ್ಡದು, ಒಪ್ಪುತ್ತೇನೆ. ಆದರೆ ಹೊಗಳುವಾಗ ನಮ್ಮ ರೈತರನ್ನು ಮರೆಯುವುದು ನನಗೆ ಸರಿಕಾಣುವುದಿಲ್ಲ.

1949ರ ಮಾರ್ಚ್ 2ರಂದು ಅವರು ನಿಧನರಾದರು. ಮಕ್ಕಳಿಲ್ಲದ ಮನೆ, ಸಂಗ್ರಹ ಹಂಚಿಹೋಗಬಹುದಿತ್ತು. ಹಾಗಾಗಲಿಲ್ಲ. 1951ರ ಡಿಸೆಂಬರ್ 16ರಂದು ದಿವಾನ್ ದೇವಡಿಯಲ್ಲೇ ನೆಹರೂ ಮ್ಯೂಸಿಯಂ ಉದ್ಘಾಟಿಸಿದರು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಗಿಸಿತು; 1968ರಲ್ಲಿ ಮೂಸಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು.

ಕಳೆದ ಸಲ ಹೋದಾಗ ಒಂದಾದರೂ ಕಿನ್ನಾಳದ ಗೊಂಬೆ ಇದೆಯೇ ಎಂದು ಹುಡುಕಿದೆ. ಕೊಪ್ಪಳದಿಂದ ಕೂಗಳತೆಯ ಊರು ಅದು. ನನ್ನ ಕಣ್ಣಿಗೆ ಬೀಳಲಿಲ್ಲ. ನೀವು ಹೋದಾಗ ಕಂಡರೆ ದಯವಿಟ್ಟು ತಿಳಿಸಿ.